ಸಕ್ಕರೆ ನೀರಿನ ಸೂಜಿ

6 ಮಾರ್ಚ್ 2025

ಈ ಪುಸ್ತಕ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ರೆಕಾರ್ಡ್. ಸೆಕೆಂಡ್ ಪಿಯುಸಿಯಲ್ಲಿ ಕೊಂಡದ್ದು. ಹದಿನಾಲ್ಕು ಪ್ರಯೋಗ ಬರೆಯಬೇಕಿತ್ತು, ನಮ್ಮ ಕಾಲೇಜಿನಲ್ಲಿ ಮಾಡಿಸಿದ್ದು ಐದು. ಉಳಿದ ಒಂಬತ್ತನ್ನು ಹಳೆಯ ಹುಡುಗರ ಪುಸ್ತಕ ನೋಡಿ ಫಲಿತಾಂಶ ಸಹಿತ ಇಳಿಸಿ ಎಂದರು ಲೆಕ್ಚರರು. ಮಾಡದ ಪ್ರಯೋಗವನ್ನು ಮಾಡಿದೆ ಎಂದು ಬರೆಯುವುದಿಲ್ಲ ಎಂದೆ. ಬರೆಯದಿದ್ದರೆ ಸಹಿ ಇಲ್ಲ, ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಆಗಲಿ ಎಂದು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಎರಡು ವರ್ಷವಾಯಿತು. ಪುಸ್ತಕದ ಮುಕ್ಕಾಲು ಭಾಗ ಖಾಲಿ ಉಳಿದಿದೆ. ಇದರಲ್ಲಿ ಆದದ್ದನ್ನು ಮಾತ್ರ ಬರೆಯುತ್ತೇನೆ.

ಇವತ್ತು ಹೊಸ ಮುಜಂಟಿ ಪೆಟ್ಟಿಗೆಯಲ್ಲಿ ಆರು ನೊಣ ಮುಳುಗಿ ಸತ್ತವು. ತಪ್ಪು ನನ್ನದು. ಮುಜಂಟಿ ಎಂದರೆ ಕುಟುಕದ ಜೇನು, ಎಳ್ಳಿಗಿಂತ ಸ್ವಲ್ಪ ದೊಡ್ಡ ನೊಣ. ಒಂದು ಸಂಸಾರವನ್ನು ಎರಡು ಪಾಲು ಮಾಡಿದರೆ ಹೊಸ ಪಾಲಿಗೆ ಎರಡು ವಾರ ಸಕ್ಕರೆ ನೀರು ಹನಿಸಬೇಕು. ನಾನು ಜೇನು ಎಳೆಯುವ ದೊಡ್ಡ ಸಿರಿಂಜಿನಿಂದಲೇ ಹನಿಸಿದೆ. ಅದಕ್ಕೆ ಸೂಜಿಯಿಲ್ಲ, ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿದ್ದೇನೆ. ಹನಿ ಕಡಲೆಯಷ್ಟು ದಪ್ಪ ಬಿತ್ತು. ಎಳ್ಳಿನಷ್ಟಿರುವ ಜೀವಕ್ಕೆ ಅದು ಕೆರೆ.

ಸಂಜೆ ಫಯಾಝ್ ಬಂದ. ಒಂದನೇ ಕ್ಲಾಸಿನಿಂದ ಮುಂಡಾಜೆಯಲ್ಲಿ ಜೊತೆಗೆ ಕಲಿತವನು. ಐಟಿಐ ಮುಗಿಸಿ ಏಸಿ ರಿಪೇರಿ ಮಾಡುತ್ತಾನೆ. ಸೌದಿಯ ದಮ್ಮಾಮಿಗೆ ವೀಸಾ ಬಂದಿದೆ, ಏಪ್ರಿಲ್ ಕೊನೆಗೆ ಹೋಗುವುದು. ನೊಣಗಳನ್ನು ತೋರಿಸಿದೆ. ಅವನ ಅಮ್ಮ ಪಾತುಮ್ಮನಿಗೆ ಸಕ್ಕರೆ ಕಾಯಿಲೆ.

"ಪಾತುಮ್ಮನ ಇನ್ಸುಲಿನ್ ಸೂಜಿ ಒಂದು ತಾ ಮಾರಾಯ. ಅದರಲ್ಲಿ ಆದ್ರೆ ಸಣ್ಣ ಹನಿ ಬೀಳ್ತದೆ."

"ಉಮ್ಮ ಲೆಕ್ಕ ಮಾಡಿ ಇಡುದು, ಗೊತ್ತುಂಟಾ? ನಿನ್ನ ನೊಣಕ್ಕೂ ಶುಗರ್ ಉಂಟಾ ಕೇಳ್ತಾರೆ" ಎಂದು ನಕ್ಕ. ನಕ್ಕದ್ದೇ ಕೆಮ್ಮು ಹತ್ತಿಕೊಂಡಿತು. ಒಂದು ವಾರದಿಂದ ಹಾಗೆಯೇ. ಉಪವಾಸದ ತಿಂಗಳು, ಹಗಲು ನೀರೂ ಕುಡಿಯುವುದಿಲ್ಲ. ಅಮ್ಮನಿಗೆ ಡಾಕ್ಟರು ಬರೆದುಕೊಟ್ಟ ಕೆಮ್ಮಿನ ಸಿರಪ್ ಇತ್ತು. ಅರ್ಧವನ್ನು ಬೇರೆ ಬಾಟ್ಲಿಗೆ ಹೊಯ್ದು ಕೊಟ್ಟೆ. ಬೆಳಗಿನ ಜಾವ ಊಟಕ್ಕೆ ಏಳುವಾಗ ಎರಡು ಚಮಚ ಕುಡಿ ಎಂದೆ.

ಭಾನುವಾರ ಕನ್ಯಾನಕ್ಕೆ ಹೋಗುವುದು. ಅಲ್ಲಿ ಅವನ ಸೋದರಮಾವ ಮೂಸಾ ಹಳೆಯ ದನದ ಹಟ್ಟಿಯ ಗೋಡೆ ಕೆಡವುತ್ತಿದ್ದಾರೆ. ಗೋಡೆಯೊಳಗೆ ಮುಜಂಟಿ ಇದೆಯಂತೆ.

10 ಮಾರ್ಚ್

ನಿನ್ನೆ ಬರೆಯಲಾಗಲಿಲ್ಲ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ನನ್ನ ಬೈಕಿನಲ್ಲಿ ಹೋದೆವು. ಗೋಡೆಯ ಕೆಂಪುಕಲ್ಲು ಒಂದೊಂದಾಗಿ ಬಿಡಿಸಿದೆವು. ಒಳಗೆ ಸಂಸಾರ ದೊಡ್ಡದಿತ್ತು. ಮೊಟ್ಟೆಯ ಗೊಂಚಲನ್ನು ನಾನು ಎರಡೂ ಕೈಯಲ್ಲಿ ಎತ್ತಿ ಪೆಟ್ಟಿಗೆಗೆ ಇಳಿಸುವಾಗ ಸಕ್ಕರೆ ನೀರು ಹಾಕಲು ಫಯಾಝನಿಗೆ ಹೇಳಿದೆ. ಅವನು ನಾನು ಮನೆಯಲ್ಲಿ ಕಲಸಿ ತಂದ ಬಾಟ್ಲಿಯಿಂದ ತಾನು ತಂದ ಸಣ್ಣ ಸೂಜಿಗೆ ತುಂಬಿಸಿ ಹನಿಸಿದ. "ಸಾಕಾ?" ಎಂದ. "ಇನ್ನೆರಡು" ಎಂದೆ. ಸಾಸಿವೆಯಷ್ಟು ಹನಿ. ನೊಣಗಳು ಸುತ್ತ ನಿಂತು ಕುಡಿದವು. ಒಂದೂ ಮುಳುಗಲಿಲ್ಲ. ಬಾಟ್ಲಿಯನ್ನು ಅಲ್ಲೇ ಚೆಲ್ಲಿ ಬಂದೆವು. ಸೂಜಿಯಲ್ಲಿ ಉಳಿದದ್ದು ಹಾಗೆಯೇ ಇತ್ತು.

ಮೂರು ಗಂಟೆ ಹೊತ್ತಿಗೆ ವಿಟ್ಲ ದಾಟಿದ ಮೇಲೆ ಪೊಲೀಸರು ಅಡ್ಡ ಹಾಕಿದರು. ಚೀಲ ಮಗುಚಿದರು. ದೊಡ್ಡ ಸಿರಿಂಜು ಏಳು, ಸಣ್ಣದು ಒಂದು. ಬಿಸಿಲಿಗೆ ಸಣ್ಣದರ ಒಳಗೆ ನೀರು ಆರಿ ಬಿಳಿ ಹಿಡಿದಿತ್ತು.

"ಇದೆಂತದು ಬಿಳಿ?"

"ಸಕ್ಕರೆ ಸಾರ್."

"ಸಕ್ಕರೆ! ಎಲ್ಲಿಂದ ಬರುದು ಸಕ್ಕರೆ?"

"ಕನ್ಯಾನದಿಂದ."

"ಅದರ ಆಚೆ ಕೇರಳ" ಎಂದು ಒಬ್ಬರು ಇನ್ನೊಬ್ಬರನ್ನು ನೋಡಿದರು. "ಒಳ್ಳೆ ಸಕ್ಕರೆಯೇ ಇರ್ಬೇಕು."

ಠಾಣೆಗೆ ಕರೆದುಕೊಂಡು ಹೋದರು. ಹೆಸರು ಬರೆದುಕೊಳ್ಳುವ ಎಸ್ಸೈ ನನ್ನ ಹೆಸರು ಶಿಶಿರ್ ಶೆಟ್ಟಿ ಎಂದು ಕೇಳಿ ತಲೆ ಎತ್ತಿದರು. "ಮೂಡುಬಿದಿರೆಯಲ್ಲಿ ಹೋಟೆಲ್ ಉಂಟಲ್ಲ, ಸುಧಾಕರ ಶೆಟ್ರು, ಎಂತ ಆಗ್ಬೇಕು?" "ಮಾವ. ಅಮ್ಮನ ಅಣ್ಣ" ಎಂದೆ. ಕುರ್ಚಿ ಕೊಟ್ಟರು. ಫಯಾಝ್ ನೆಲದಲ್ಲಿ ಕೂತಿದ್ದ. ಅವನಿಗೂ ಕುರ್ಚಿ ಬೇಕು ಎಂದೆ. ಕೇಳಿಸದ ಹಾಗೆ ಮಾಡಿದರು. ನಾನೂ ನೆಲದಲ್ಲಿ ಕೂರಬಹುದಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ.

ಎಸ್ಸೈ ಕೇಳಿದರು, ನಾನು ಹೇಳಿದೆ. ಹೇಳಿದ್ದು ಇಷ್ಟು: "ದೊಡ್ಡ ಏಳು ನನ್ನವು. ಸಣ್ಣದು ನನ್ನದಲ್ಲ, ಫಯಾಝ್ ತಂದದ್ದು. ಅವನ ಅಮ್ಮನ ಇನ್ಸುಲಿನ್ ಸೂಜಿ. ಜೇನಿಗೆ ಸಕ್ಕರೆ ನೀರು ಹಾಕ್ಲಿಕ್ಕೆ ನಾನೇ ತರಿಸಿದ್ದು." ಅವರು "ಫಯಾಝ್ ತಂದದ್ದು" ಎಂಬಲ್ಲಿಯವರೆಗೆ ಬರೆದು ಪೆನ್ನಿನ ಮುಚ್ಚಳ ಹಾಕಿದರು.

"ಇನ್ನೂ ಉಂಟು ಸಾರ್."

"ಇದ್ದದ್ದು ಸಾಕು."

"ಅವನಿಗೆ ಉಪವಾಸ ಸಾರ್. ಉಗುಳು ಸಹ ನುಂಗುದಿಲ್ಲ. ಸೂಜಿ ಹೇಗೆ ಚುಚ್ಚಿಕೊಳ್ತಾನೆ?"

ಪೇದೆ ನಕ್ಕ. "ಹೊಟ್ಟೆಗೆ ಉಪವಾಸ. ನರಕ್ಕೆ ಉಂಟಾ?"

ಆಸ್ಪತ್ರೆಯಲ್ಲಿ ಇಬ್ಬರದೂ ಮೂತ್ರ ತೆಗೆದು ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರು. ನನ್ನದರಲ್ಲಿ ಏನೂ ಇಲ್ಲ. ಅವನದರಲ್ಲಿ ಅಫೀಮಿನ ಜಾತಿಯದ್ದು ಏನೋ ಇದೆ ಎಂದು ಬಂತು. "ಕೆಮ್ಮಿನ ಮದ್ದು ಕುಡಿದಿದ್ದೇನೆ ಸಾರ್, ಅದರದ್ದೇ ಇರ್ಬೇಕು" ಎಂದ ಫಯಾಝ್. "ಹಿಡಿದ ಎಲ್ಲರಿಗೂ ಕೆಮ್ಮೇ" ಎಂದರು. "ಆ ಮದ್ದು ನಾನೇ ಕೊಟ್ಟದ್ದು, ಬಾಟ್ಲಿ ನಮ್ಮ ಮನೆಯಲ್ಲಿ ಉಂಟು" ಎಂದೆ. ಎಸ್ಸೈ ನನ್ನ ಕಡೆ ತಿರುಗಿ "ನಿನ್ನನ್ನು ಕೇಳಿದೆನಾ?" ಎಂದರು.

ಮಸೀದಿಯ ಬಾಂಗ್ ಕೇಳಿದಾಗ ಫಯಾಝ್ ಠಾಣೆಯ ಹಿಂದಿನ ನಳ್ಳಿಯಲ್ಲಿ ಬೊಗಸೆ ನೀರು ಕುಡಿದು ಉಪವಾಸ ಬಿಟ್ಟ. ನನ್ನನ್ನು ಆಗಲೇ ಮನೆಗೆ ಕಳಿಸಿದರು. ಅವನ ಮೇಲೆ ಅಮಲು ಪದಾರ್ಥ ಸೇವಿಸಿದ ಕೇಸು ಹಾಕಿದರಂತೆ, ಇವತ್ತು ಮಧ್ಯಾಹ್ನ ಜಾಮೀನು ಸಿಕ್ಕಿತಂತೆ. ಬೆನ್ನು ನೆಟ್ಟಗೆ ಮಾಡಲಾಗುವುದಿಲ್ಲವಂತೆ.

ಮೂಸಾರ ಗೋಡೆಯ ನೊಣಗಳು ಪೆಟ್ಟಿಗೆಯಲ್ಲೇ ಸೆಕೆಗೆ ಬೆಂದು ಸತ್ತಿವೆ. ಎಲ್ಲವೂ.

12 ಮಾರ್ಚ್

ಸುಧಾಕರ ಮಾವ ವಕೀಲ ಗಜಾನನರನ್ನು ಕರೆದುಕೊಂಡು ಬಂದರು. ಅಮ್ಮ ಚಾ ಮಾಡಿದರು. ವಕೀಲರು ಬೆಲ್ಲ ಹಾಕಿದ ಚಾ ಕುಡಿಯುವುದಿಲ್ಲ. ಮತ್ತೆ ಬೇರೆ ಮಾಡಿದರು.

"ನೋಡು ಮಗಾ, ಸೂಜಿ ಇಟ್ಟುಕೊಳ್ಳುದು ಈ ದೇಶದಲ್ಲಿ ಅಪರಾಧ ಅಲ್ಲ. ಹಾಗಿದ್ರೆ ನರ್ಸುಗಳನ್ನೆಲ್ಲ ಒಳಗೆ ಹಾಕ್ಬೇಕು. ಮೂರೇ ಪ್ರಶ್ನೆ. ಸೂಜಿ ಒಳಗೆ ಇದ್ದದ್ದು ಎಂತ? ಅದು ಅಲ್ಲಿ ಇದ್ದದ್ದು ನಿನಗೆ ಗೊತ್ತಿತ್ತಾ? ನಿನ್ನ ಮೈಯಲ್ಲಿ ಎಂತಾದ್ರೂ ಸಿಕ್ಕಿತಾ? ಮೂರನೆಯದ್ದು ಇಲ್ಲ. ಬಚಾವ್."

"ಒಂದನೆಯದ್ದು ಸಕ್ಕರೆ" ಎಂದೆ. "ಎರಡನೆಯದ್ದು, ಗೊತ್ತಿತ್ತು. ತರಿಸಿದ್ದೇ ನಾನು."

ವಕೀಲರು ಮಾವನ ಮುಖ ನೋಡಿದರು. ಮಾವ ನಕ್ಕರು. "ಇವನ ಬಾಯಲ್ಲಿ ಸುಳ್ಳು ಬರುದಿಲ್ಲ ವಕೀಲ್ರೇ. ಅದಕ್ಕೇ ಕಾಲೇಜು ಬಿಟ್ಟು ನೊಣ ಸಾಕುದು."

"ಸುಳ್ಳು ಯಾರು ಹೇಳು ಅಂದ್ರು? ಬೇಡವೇ ಬೇಡ. ಹೌದಾ, ಕಾಲೇಜು ಯಾಕೆ ಬಿಟ್ಟದ್ದು?"

ಹೇಳಿದೆ. ಅವರು ಪೂರ್ತಿ ಕೇಳಿದರು. ನನ್ನ ಕಾಲೇಜಿನ ವಿಷಯವನ್ನು ಇಷ್ಟು ಸಮಾಧಾನದಲ್ಲಿ ಕೇಳಿದವರು ಇದುವರೆಗೆ ಯಾರೂ ಇಲ್ಲ.

"ಲಾಯ್ಕ್ ಆಯ್ತು" ಎಂದರು. "ಮಾಡದ ಪ್ರಯೋಗದ ಫಲಿತಾಂಶ ಬರೀಬಾರ್ದು. ಹಾಗಾದ್ರೆ ಹೇಳು, ಸೂಜಿ ಒಳಗೆ ಇದ್ದದ್ದು ಸಕ್ಕರೆ ಅಂತ ನೀನು ಪರೀಕ್ಷೆ ಮಾಡಿದ್ದೀಯಾ?"

"ನಾನೇ ಕಲಸಿದ್ದು."

"ಕಲಸಿದ್ದು ಬಾಟ್ಲಿಯಲ್ಲಿ. ಸೂಜಿಗೆ ತುಂಬಿಸಿದ್ದು ಯಾರು?"

"ಫಯಾಝ್."

"ಆಗ ನಿನ್ನ ಕಣ್ಣು ಎಲ್ಲಿತ್ತು?"

ಆಗ ನನ್ನ ಕೈಯಲ್ಲಿ ಮೊಟ್ಟೆಯ ಗೊಂಚಲಿತ್ತು. ಗೋಡೆಯ ಕಡೆ ನೋಡುತ್ತಿದ್ದಿರಬೇಕು. ಅದನ್ನೇ ಹೇಳಿದೆ.

"ಅಷ್ಟೇ. ಪ್ರಯೋಗಶಾಲೆಯಿಂದ ವರದಿ ಬರ್ಲಿಕ್ಕೆ ಎಂಟೊಂಬತ್ತು ತಿಂಗಳು ಬೇಕು. ನಾಳೆ ಅದರಲ್ಲಿ ಬೇರೆ ಎಂತಾದ್ರೂ ಬಂದ್ರೆ, 'ತರಿಸಿದ್ದು ನಾನು' ಅಂದವನೇ ಮಾಲೀಕ. ಆಗ ನಾನಲ್ಲ, ಬ್ರಹ್ಮ ಬಂದ್ರೂ ಆಗುದಿಲ್ಲ."

ಪೊಲೀಸರಿಗೆ ಕೊಡುವ ಹೇಳಿಕೆಯನ್ನು ಅವರೇ ಬರೆದರು. ಓದಿ ಹೇಳಿದರು. "ಸಣ್ಣ ಸೂಜಿ ನನ್ನದಲ್ಲ. ಅದನ್ನು ಫಯಾಝ್ ತಂದದ್ದು. ಅದಕ್ಕೆ ತುಂಬಿಸಿದ್ದು ಅವನೇ. ಒಳಗೆ ಏನಿತ್ತೆಂದು ನಾನು ಪರೀಕ್ಷಿಸಿಲ್ಲ." ಇನ್ಸುಲಿನ್ ವಿಷಯ ಬರಲಿಲ್ಲವಲ್ಲ ಎಂದೆ. ಅದು ಪಾತುಮ್ಮನ ಸೂಜಿ ಎನ್ನುವುದಕ್ಕೆ ಫಯಾಝ್ ಹೇಳಿದ್ದು ಬಿಟ್ಟರೆ ಬೇರೆ ಏನಿದೆ ಎಂದು ಕೇಳಿದರು. ಯೋಚಿಸಿದೆ. ಪಾತುಮ್ಮ ಸೂಜಿ ಚುಚ್ಚಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಈ ಸೂಜಿ ಆ ಡಬ್ಬಿಯಿಂದಲೇ ತೆಗೆದದ್ದೆಂದು ನೋಡಿಲ್ಲ.

ನಾಲ್ಕು ವಾಕ್ಯವನ್ನೂ ಎರಡೆರಡು ಸಲ ಓದಿದೆ. ನಾಲ್ಕೂ ನಿಜ.

13 ಮಾರ್ಚ್

ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಕುರ್ಚಿ ಕೊಟ್ಟರು, ಚಾ ಕೊಟ್ಟರು.

ಬರುವಾಗ ಅಮ್ಮ ಬಚ್ಚಲ ಒಲೆಗೆ ಸಿರಪ್ಪಿನ ಬಾಟ್ಲಿ ಹಾಕಿದ್ದರು. ಡಾಕ್ಟರ ಚೀಟಿಯನ್ನೂ. ಪ್ಲಾಸ್ಟಿಕ್ಕಿನ ವಾಸನೆ ಅಂಗಳದವರೆಗೆ ಬಂದಿತ್ತು. ಹಾಕಿದ್ದು ನಾನಲ್ಲ.

31 ಮಾರ್ಚ್

ಇವತ್ತು ಅವರ ಪೆರ್ನಾಲ್, ಉಪವಾಸ ಮುಗಿದ ಹಬ್ಬ. ಪ್ರತಿ ವರ್ಷ ಮಧ್ಯಾಹ್ನ ಅವರಲ್ಲಿ ಊಟ. ಈ ಸಲ ಹೇಗೆ ಹೋಗುವುದು ಎಂದು ಹಿತ್ತಲಲ್ಲಿ ಪೆಟ್ಟಿಗೆ ನೋಡುತ್ತಾ ಇದ್ದೆ. ಹನ್ನೆರಡಕ್ಕೆ ಫಯಾಝನೇ ಬಂದ. ಗೇಟಿನ ಹತ್ತಿರ ಹೊಸ ಬಿಳಿ ಅಂಗಿ ಕಂಡಿತು, ಕೈಯಲ್ಲಿ ಟಿಫಿನ್ ಕ್ಯಾರಿಯರ್.

"ಕಾಂತಿಯಕ್ಕ, ಶಿಶಿರ್ ಇದ್ದಾನಾ?"

"ಮನೆಯಲ್ಲಿಲ್ಲ" ಎಂದರು ಅಮ್ಮ.

"ಬೈಕ್ ಉಂಟು?"

"ಬೈಕ್ ಉಂಟು. ಅವ ಇಲ್ಲ."

ಅವನು ಕ್ಯಾರಿಯರನ್ನು ಗೇಟಿನ ಕಂಬದ ಮೇಲೆ ಇಟ್ಟು ಹೋದ. ನಾನು ಹಿತ್ತಲಲ್ಲಿದ್ದೆ. ಹಿತ್ತಲು ಮನೆಯಲ್ಲ. ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ.

ಕ್ಯಾರಿಯರಿನ ಬಿರಿಯಾನಿಯನ್ನು ಅಮ್ಮ ಕೋಳಿಗೂಡಿನ ಪಕ್ಕ ಹಾಕಿದರು. ಕೋಳಿಗಳು ಮೊದಲು ಮುಟ್ಟಲಿಲ್ಲ, ಆಮೇಲೆ ತಿಂದವು.

16 ಏಪ್ರಿಲ್

ಫಯಾಝನ ತಂಗಿ ಫರ್ಹಾನ ನೆರಿಯದ ದಾರಿಯಲ್ಲಿ ಸಿಕ್ಕಿದಳು. ನಾನು ಅಲ್ಲಿಗೆ ಜೇನು ತೆಗೆಯಲು ಹೋಗುವುದು ಬುಧವಾರ ಎಂದು ಅವಳಿಗೆ ಗೊತ್ತು. ಕಾಯುತ್ತಿದ್ದಳು. ಉಜಿರೆಯಲ್ಲಿ ಬಿಕಾಂ ಓದುತ್ತಾಳೆ, ಕಾಲೇಜಿನ ಚೀಲ ಹೆಗಲಲ್ಲಿತ್ತು.

"ಎರಡು ನಿಮಿಷ. ತಿಂದು ಬಿಡುದಿಲ್ಲ ನಿನ್ನನ್ನು."

ಬೈಕ್ ನಿಲ್ಲಿಸಿದೆ.

"ಈ ತಿಂಗಳ ಮೂವತ್ತಕ್ಕೆ ವೀಸಾ ಮುಗೀತದೆ. ಪೊಲೀಸಿಂದು ಸರ್ಟಿಫಿಕೇಟ್ ಬೇಕು, ಕೇಸು ಇದ್ರೆ ಕೊಡುದಿಲ್ಲ. ನಮ್ಮ ವಕೀಲ್ರು ಎಂತ ಹೇಳಿದ್ರು ಗೊತ್ತುಂಟಾ? ಸೂಜಿ ನೀನು ಜೇನಿಗೆ ತರಿಸಿದ್ದು, ಸಿರಪ್ ನೀನು ಕೊಟ್ಟದ್ದು, ಇಷ್ಟು ಒಂದು ಕಾಗದದಲ್ಲಿ ಬರೆದು ಕೊಟ್ರೆ ಅದನ್ನು ಹಿಡ್ಕೊಂಡು ಹೈಕೋರ್ಟಿಗೆ ಹೋಗ್ಬಹುದು. ಹದಿನೈದು ದಿನದಲ್ಲಿ ಕೇಸು ರದ್ದಾಗ್ಲಿಕ್ಕೂ ಸಾಕು. ಉಮ್ಮನ ಚೀಟಿ ಎಲ್ಲ ಕೊಟ್ಟಾಗಿದೆ. ನಿಂದು ಒಂದೇ ಬಾಕಿ."

"ನಾನು ಹೇಳಿಕೆ ಕೊಟ್ಟಾಗಿದೆ."

"ಓದಿದ್ದೇನೆ ನಿನ್ನ ಹೇಳಿಕೆ. 'ಒಳಗೆ ಏನಿತ್ತೆಂದು ಪರೀಕ್ಷಿಸಿಲ್ಲ.' ಎಂಥ ಮಾತು ಮಾರಾಯ! ನಮ್ಮ ಮನೆ ಚಾ ಕುಡಿವಾಗ ಪರೀಕ್ಷೆ ಮಾಡಿ ಕುಡೀತಿದ್ದಿಯಾ?"

"ಅದರಲ್ಲಿ ಸುಳ್ಳು ಯಾವುದುಂಟು? ತೋರಿಸು."

ಅವಳು ಬೇರೆಯೇ ವಿಷಯ ಹೇಳಿದಳು. ಸೂಜಿ ತರುವುದು ಫಯಾಝನ ಕೆಲಸವಾಗಿತ್ತು. ಈಗ ಅವನು ಸೂಜಿ ಕಿಸೆಯಲ್ಲಿಟ್ಟು ರಸ್ತೆಗೆ ಇಳಿಯುವುದಿಲ್ಲ. ಇವಳು ಹೋದರೆ ಮೆಡಿಕಲ್‌ನವನು ಎಲ್ಲರೆದುರು "ಅಣ್ಣನಿಗಾ, ಅಮ್ಮನಿಗಾ?" ಎಂದು ಕೇಳುತ್ತಾನೆ. ಪಾತುಮ್ಮ ಒಂದೇ ಸೂಜಿಯನ್ನು ಹದಿನೈದು ದಿನ ಬಳಸುತ್ತಿದ್ದಾರೆ. ತುದಿ ಮೊಂಡಾಗಿದೆ. ಹೊಟ್ಟೆಯೆಲ್ಲ ನೀಲಿ. ನೋವಿಗೆ ಕೆಲವು ದಿನ ಚುಚ್ಚಿಕೊಳ್ಳುವುದೇ ಇಲ್ಲ.

"ಉಮ್ಮ ನಿನಗೆ ಶಾಪ ಹಾಕ್ಲಿಲ್ಲ. ಹಾಕಿ ಅಂದೆ ನಾನು. 'ಅವ ಸುಳ್ಳು ಹೇಳುದಿಲ್ಲ, ಕೇಳಿದ್ರೆ ಹೇಳ್ತಾನೆ' ಹೇಳಿದ್ರು."

"ಹೌದು. ಕೇಳಿದ್ರೆ ಹೇಳ್ತೇನೆ."

"ನಾನು ಈಗ ಕೇಳ್ತಾ ಇದ್ದೇನಲ್ಲ!"

"ಕೋರ್ಟಲ್ಲಿ ಕೇಳಿದ್ರೆ."

ಅವಳು ಚೀಲದಿಂದ ಬಿಳಿ ಹಾಳೆ ಮತ್ತು ಪೆನ್ನು ತೆಗೆದು ಬೈಕಿನ ಟ್ಯಾಂಕಿನ ಮೇಲೆ ಇಟ್ಟಳು. ಗಾಳಿಗೆ ಹಾಳೆ ಹಾರದ ಹಾಗೆ ಒಂದು ಕಲ್ಲು ಹೇರಿದಳು. ಇಟ್ಟು ತಿರುಗಿ ನೋಡದೆ ಬಸ್ಸಿನ ಕಡೆ ಹೋದಳು. ನನಗೆ ಬರೆಯಬಾರದೆಂದೇನೂ ಇರಲಿಲ್ಲ. ಆದರೆ ವಕೀಲರನ್ನು ಕೇಳದೆ ಬರೆದರೆ ಮಾವನ ಮಾತು ಮೀರಿದಂತಾಗುತ್ತದೆ. ಫೋನ್ ಮಾಡಿದೆ. "ಬರೆ, ಬರೆದು ನೀನು ಹೋಗಿ ಕಟಕಟೆಯಲ್ಲಿ ನಿಲ್ಲು, ಅವ ವಿಮಾನದಲ್ಲಿ ಕೂರ್ಲಿ" ಎಂದರು ವಕೀಲರು.

ಹಾಳೆ ಒಳ್ಳೆಯದಿತ್ತು. ಪೆಟ್ಟಿಗೆಯ ಬಿರುಕಿಗೆ ಅಂಟಿಸಿದೆ.

30 ಏಪ್ರಿಲ್

ಇವತ್ತು ಮೂವತ್ತು.

ಜೇನು ಚೆನ್ನಾಗಿ ಬಂದಿದೆ. ಹೋದ ವರ್ಷದ ಎರಡರಷ್ಟು.

22 ಜೂನ್

ಮೂಡುಬಿದಿರೆಗೆ ಹೋಗಿದ್ದೆ. ಮಾವನ ಹೋಟೆಲಿನ ಕೌಂಟರಿನಲ್ಲಿ ನನ್ನ ಜೇನು ಮಾರಾಟಕ್ಕಿದೆ. ಪುಟ್ಟ ಬಾಟ್ಲಿ, ಮೇಲೆ ನನ್ನ ಫೋಟೊ. "ಸುಳ್ಳಿಲ್ಲದ ಜೇನು" ಎಂದು ಮಾವ ಅಚ್ಚು ಹಾಕಿಸಿದ್ದಾರೆ. ಗಿರಾಕಿಗಳಿಗೆಲ್ಲ ನನ್ನ ಕಾಲೇಜಿನ ಕಥೆ ಹೇಳುತ್ತಾರೆ. ಸೂಜಿಯ ಕಥೆಯನ್ನೂ ಹೇಳುತ್ತಾರೆ. ಅವರು ಹೇಳುವಾಗ ಅದು ಹೀಗಿರುತ್ತದೆ: "ಪಾಪದ ಹುಡುಗ. ಜೊತೆಗಿದ್ದವ ಚೀಲಕ್ಕೆ ಹಾಕಿದ್ದು ಇವನಿಗೆ ಗೊತ್ತೇ ಇಲ್ಲ."

ಚೀಲಕ್ಕೆ ಹಾಕಿದ್ದು ಯಾರು? ನೆನಪು ಮಾಡಿಕೊಂಡೆ. ಗೋಡೆಯ ಹತ್ತಿರ ಸಾಮಾನು ತುಂಬಿಸಿದ್ದು ಜೊತೆಗಿದ್ದ ಆ ಹುಡುಗನೇ. ಹಾಗಾಗಿ ಮಾವ ಹೇಳಿದ್ದು ಸುಳ್ಳಲ್ಲ. "ಗೊತ್ತೇ ಇಲ್ಲ" ಎನ್ನುವುದು ಸ್ವಲ್ಪ ಹೆಚ್ಚಾಯಿತು. ಗಿರಾಕಿ ಎದುರು ತಿದ್ದುವುದು ಸರಿಯಲ್ಲವೆಂದು ಬಿಟ್ಟೆ.

ನಾಲ್ಕು ಬಾಟ್ಲಿ ಅಲ್ಲೇ ಹೋಯಿತು.

18 ಸೆಪ್ಟೆಂಬರ್

ಸಾಕ್ಷಿ ಹೇಳಲು ಸಮನ್ಸ್ ಬಂದಿತ್ತು. ಬಂಟ್ವಾಳಕ್ಕೆ ಹೋದೆ. ರಾತ್ರಿಯೆಲ್ಲ ಯೋಚಿಸಿ ತೀರ್ಮಾನ ಮಾಡಿದ್ದೆ. ಇನ್ಸುಲಿನ್ ವಿಷಯ ಕೇಳಿದರೆ ಹೇಳುವುದು, ಸಿರಪ್ ವಿಷಯ ಕೇಳಿದರೆ ಹೇಳುವುದು. ವಕೀಲರು ಏನು ಬೇಕಾದರೂ ಅನ್ನಲಿ.

ಕೋರ್ಟಿನ ಜಗಲಿಯಲ್ಲಿ ಕೂತಿದ್ದೆ. ಫಯಾಝನ ಕೇಸು ಕೂಗಿದರು. ನನ್ನ ಹೆಸರು ಕೂಗುತ್ತಾರೆಂದು ಎದ್ದು ಅಂಗಿ ಸರಿಮಾಡಿಕೊಂಡೆ. ಕೂಗಲಿಲ್ಲ. ಬಾಗಿಲಿನಿಂದ ಕಂಡಿತು. ಫಯಾಝ್ ಕಟಕಟೆಯಲ್ಲಿ ನಿಂತಿದ್ದ, ತುಂಬ ಸಪೂರವಾಗಿದ್ದ. ನ್ಯಾಯಾಧೀಶರು ಏನೋ ಕೇಳಿದರು. ಅವನು "ತಪ್ಪಾಗಿದೆ ಸಾರ್. ಒಪ್ತೇನೆ" ಎಂದ. ಯಾರ ಒತ್ತಾಯವೂ ಇಲ್ಲ ತಾನೆ ಎಂದು ಕೇಳಿದರು. "ಇಲ್ಲ" ಎಂದ. ದಂಡ ಹಾಕಿದರು, ಸಂಜೆಯವರೆಗೆ ಕೋರ್ಟಿನಲ್ಲೇ ಕೂರಬೇಕೆಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮಧ್ಯಾಹ್ನ ಜಗಲಿಯ ಕೊನೆಯಲ್ಲಿ ಅವನ ಹತ್ತಿರ ಹೋದೆ.

"ಯಾಕೆ ಒಪ್ಪಿದ್ದು? ನೀನು ಮಾಡ್ಲಿಲ್ಲ ಅಲ್ವಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಓ, ಬಂದದ್ದಾ ನೀನು. ಅಂಗಿಗೆ ಇಸ್ತ್ರಿ ಎಲ್ಲ ಹಾಕಿ."

"ಕೇಳಿದ್ರೆ ಎಲ್ಲ ಹೇಳುದು ಅಂತ ಬಂದದ್ದು. ನೀನು ಕೇಳ್ಲಿಕ್ಕೇ ಬಿಡ್ಲಿಲ್ಲ."

"ಕೇಸಿಂದು ಏಳನೇ ತಾರೀಕು ಇದು. ಆರು ಸಲ ಬಂದು ಇದೇ ಬೆಂಚಲ್ಲಿ ಕೂತಿದ್ದೇನೆ. ಬಾಕಿ ಆರಕ್ಕೆ ನಿನ್ನನ್ನು ಯಾರೂ ಕರೀಲಿಲ್ಲ, ಹಾಗಾಗಿ ನೀನು ಬರ್ಲಿಲ್ಲ. ಸರಿಯೇ ಅದು, ನಿನ್ನ ಕಾನೂನು." ಕೆಮ್ಮಿದ. "ಉಮ್ಮನ ಕಾಲಿನ ಹೆಬ್ಬೆರಳು ತೆಗೆದ್ರು. ಹೋದ ವಾರ. ಆಸ್ಪತ್ರೆ ಬಿಲ್ಲಿಗೆ ನಿಲ್ಲುದಾ, ಇಲ್ಲಿ ನಿಲ್ಲುದಾ ಹೇಳು. ಒಪ್ಪಿದ್ರೆ ಇವತ್ತಿಗೇ ಮುಗೀತದೆ ಅಂದ್ರು ವಕೀಲ್ರು. ಮುಗೀತು."

"ಆದ್ರೆ ಅದು ಸುಳ್ಳು ಫಯಾಝ್. ಮಾಡದ್ದನ್ನು ಮಾಡಿದೆ ಅಂತ ಹೇಳಿದ ಹಾಗೆ ಆಯ್ತು."

ಅವನು ನಕ್ಕ. ಮೊದಲಿನ ಹಾಗೆಯೇ ನಕ್ಕ, ನಗುತ್ತಾ ಕೆಮ್ಮು ಹತ್ತಿ ಕಂಬ ಹಿಡಿದುಕೊಂಡ. "ಹೌದು ಮಾರಾಯ. ಮಾಡದ ಪ್ರಯೋಗದ ಫಲಿತಾಂಶ ಬರೆದೆ. ಹೋಗು, ಬಸ್ಸು ತಪ್ತದೆ."

ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಾಗೆಂದು ಹೇಳಿದೆ. ಅವನು ಹೋಗಿ ಬೆಂಚಿನಲ್ಲಿ ಕೂತ.

27 ನವೆಂಬರ್

ವಕೀಲ ಗಜಾನನರು ಫೋನ್ ಮಾಡಿದ್ದರು. ಪ್ರಯೋಗಶಾಲೆಯ ವರದಿ ಈಗ ಬಂತಂತೆ. "ಎಂತ ಗೊತ್ತುಂಟಾ? ಸಕ್ಕರೆ! ನಿನ್ನ ಸಕ್ಕರೆಯೇ ಮಾರಾಯ" ಎಂದು ತುಂಬ ನಕ್ಕರು.

ಅದು ಸಕ್ಕರೆ ಎಂದು ಮೊದಲ ದಿನವೇ ಠಾಣೆಯಲ್ಲಿ ಹೇಳಿದವನು ನಾನು. ಈ ಪುಸ್ತಕದಲ್ಲಿ ಬರೆದದ್ದೂ ಇದೆ. ಬೇಕಾದವರು ನೋಡಬಹುದು.

ಆ ಹುಡುಗ ಎರಡು ತಿಂಗಳು ಕಾದಿದ್ದರೆ ತಾನಾಗಿ ಬಿಡುಗಡೆಯಾಗುತ್ತಿತ್ತು. ನ್ಯಾಯಾಧೀಶರ ಎದುರು ನಿಂತು ಸುಳ್ಳು ಹೇಳಿದ. ಯಾರ ಒತ್ತಾಯವೂ ಇಲ್ಲ ಎಂದದ್ದನ್ನು ನಾನೇ ಕೇಳಿದ್ದೇನೆ. ಕಷ್ಟ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು, ನಾನು ಕಾಲೇಜು ಬಿಟ್ಟೆ, ಸುಳ್ಳು ಬರೆಯಲಿಲ್ಲ. ಅವರ ಜನಕ್ಕೆ ಅದೆಲ್ಲ ಅಷ್ಟು ದೊಡ್ಡ ವಿಷಯವಲ್ಲ ಎಂದು ಅಮ್ಮ ಹೇಳುತ್ತಾರೆ. ಮೊದಲು ಅಮ್ಮ ಹಾಗೆ ಹೇಳಿದರೆ ನಾನು ಜಗಳ ಮಾಡುತ್ತಿದ್ದೆ.

11 ಫೆಬ್ರವರಿ 2026

ಮತ್ತೆ ಪಾಲು ಮಾಡುವ ಕಾಲ ಬಂತು. ಈಗ ನಲವತ್ತೆರಡು ಪೆಟ್ಟಿಗೆ. ನಿನ್ನೆ ದೊಡ್ಡ ಸಿರಿಂಜಿನಲ್ಲಿ ಹನಿಸಿ ಒಂಬತ್ತು ನೊಣ ಮುಳುಗಿದವು. ಇವತ್ತು ಸಣ್ಣ ಸೂಜಿ ತರಲು ಬೆಳ್ತಂಗಡಿಯ ಮೆಡಿಕಲ್ಲಿಗೆ ಹೋದೆ.

ಅಂಗಡಿಯಲ್ಲಿ ಫಯಾಝ್ ನಿಂತಿದ್ದ. ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಕವರು. ಅಂಗಡಿಯ ಸುಬ್ಬಯ್ಯ ಅವನ ಡಾಕ್ಟರ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡು ಅದನ್ನು ಬದಿಗಿಟ್ಟರು.

"ಬನ್ನಿ ಬನ್ನಿ, ಜೇನಿನ ಶೆಟ್ರು. ಎಂತ ಕೊಡ್ಲಿ?"

"ಇನ್ಸುಲಿನ್ ಸೂಜಿ. ಹತ್ತು."

"ಯಾರಿಗೆ?"

"ನೊಣಕ್ಕೆ" ಎಂದೆ. ನಿಜವನ್ನೇ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು ಹತ್ತನ್ನೂ ಕಟ್ಟಿಕೊಟ್ಟರು. ಚೀಟಿ ಕೇಳಲಿಲ್ಲ.

ಆಮೇಲೆ ಫಯಾಝನ ಕಡೆ ಗಲ್ಲ ತೋರಿಸಿ ತಗ್ಗಿದ ದನಿಯಲ್ಲಿ, ಆದರೆ ಅವನಿಗೆ ಕೇಳುವ ಹಾಗೆಯೇ, ಕೇಳಿದರು. "ಇವ ನಿಮ್ಮ ಊರಿನವನಲ್ವಾ? ಕೇಸಲ್ಲಿ ಒಪ್ಪಿಕೊಂಡವ. ಸೂಜಿ ಅಮ್ಮನಿಗೆ ಅಂತ ಹೇಳ್ತಾನೆ. ಹೌದಾ? ನಿಮಗೆ ಗೊತ್ತಿರ್ತದೆ. ನೀವು ಹೌದು ಹೇಳಿದ್ರೆ ಕೊಡ್ತೇನೆ. ನೀವು ಸುಳ್ಳು ಹೇಳುವ ಜನ ಅಲ್ಲ."

ಫಯಾಝ್ ನನ್ನ ಕಡೆ ತಿರುಗಿದ.

ನಾನು ಯೋಚಿಸಿದೆ. ಅವರ ಮನೆಗೆ ಹೋಗದೆ ಹನ್ನೊಂದು ತಿಂಗಳಾಯಿತು. ಪಾತುಮ್ಮ ಈಗಲೂ ಚುಚ್ಚಿಕೊಳ್ಳುತ್ತಾರೋ, ಮಾತ್ರೆಗೆ ಬದಲಾಯಿಸಿದ್ದಾರೋ, ನಾನು ಕಂಡಿಲ್ಲ. ಚೀಟಿ ಯಾವ ತಾರೀಕಿನದ್ದೆಂದೂ ನೋಡಿಲ್ಲ. ನೋಡದ್ದನ್ನು ನೋಡಿದೆ ಎಂದು ಹೇಳುವುದು ನನ್ನಿಂದ ಆಗುವುದಿಲ್ಲ.

"ಗೊತ್ತಿಲ್ಲ" ಎಂದೆ.

ಸುಬ್ಬಯ್ಯ ಚೀಟಿಯನ್ನು ಮಡಚಿ ಅವನಿಗೆ ವಾಪಸು ಕೊಟ್ಟರು. ಅವನು ಅದನ್ನು ಕವರಿಗೆ ಹಾಕಿದ. ಕವರಿನ ಬಾಯಿ ಎರಡು ಸಲ ಮಡಚಿ ಕಿಸೆಗೆ ಇಳಿಸಿ ಹೋದ.

ಮನೆಗೆ ಬಂದು ಹೊಸ ಸೂಜಿಯಲ್ಲಿ ಹನಿಸಿದೆ. ಸಾಸಿವೆಯಷ್ಟು ಹನಿ, ಸಾಲಾಗಿ ಆರು. ನೊಣಗಳು ಸುತ್ತ ನಿಂತು ಕುಡಿದವು. ಒಂದೂ ಮುಳುಗಲಿಲ್ಲ.